ಜೋಗೇಶ್ವರಿಗೆ ಕೇಳಿದ ಎರಡು ಗುಂಡು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮುಂಬಯಿಯಲ್ಲಿ, ಜೋಗೇಶ್ವರಿ ಎಂಬಲ್ಲಿ, ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ, ನಡುಹಗಲಿನ ಬಿಸಿಲಲ್ಲಿ ಹುಟ್ಟಿದ್ದಾಳೆ. ಇವತ್ತಿಗೆ ನಲವತ್ತೊಂದು ದಿನ. ಹಾಲು ಕುಡಿದು ತೇಗುತ್ತಾಳಂತೆ, ಎಣ್ಣೆ ಹಚ್ಚಿದರೆ ನಗುತ್ತಾಳಂತೆ. ನಾವು ಊರಿಗೆ ಹೊರಟ ದಿನ ಆ ಬೆರಳುಗಳಿಂದ ನನ್ನ ಮೀಸೆ ಹಿಡಿದವಳು ಬಿಡಲೇ ಇಲ್ಲ, ಬಿಡಿಸಲು ಅವಳ ಅಪ್ಪ ಬರಬೇಕಾಯಿತು. ಇಷ್ಟು ಹೇಳಿಬಿಟ್ಟೆನಲ್ಲ, ಇನ್ನು ಸಮಾಧಾನವಾಗಿ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಪಲ್ಟನ್ನಿನಲ್ಲಿದ್ದಾಗ ಮನೆಗೆ ಕಾಗದ ಬರೆದು ಬರೆದು ಕೈ ಸ್ವಲ್ಪ ತಿದ್ದಿದೆ, ಅಷ್ಟೆ. ತಪ್ಪಿದ್ದರೆ ಓದುವವರು ಸರಿಮಾಡಿಕೊಂಡು ಓದಿ.

ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಒಂದು ಮಾತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತೇವೆ. ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೆ ಇನ್ನೊಂದು. ಕೋವಿಯ ಸದ್ದು ಬಂದರೆ ಗುಡ್ಡದ ಆಚೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಾರೆ. ಒಂದಕ್ಕೇ ನಿಂತರೆ ನಗುತ್ತಾರೆ. ಎರಡಾದರೆ ಬಟ್ಟೆ ಬದಲಿಸಿ ಆ ಮನೆಯ ಕಡೆ ಹೊರಡುತ್ತಾರೆ.

ಮೂರು ವರ್ಷದ ಹಿಂದೆ ನನ್ನ ಮಗ ಪೂವಯ್ಯನಿಗೆ ನಮ್ಮ ಮನೆಯಲ್ಲೇ ಮೊದಲನೇ ಗಂಡು ಮಗುವಾಯಿತು. ನಾನು ಅಟ್ಟದಿಂದ ದೊಡ್ಡ ಕೋವಿ ಇಳಿಸಿದೆ. ಅದು ಕಡವೆ ಹೊಡೆಯುವ ರೈಫಲ್ಲು, ಅದರ ಬಾಯಿಗೆ ನನ್ನ ಹೆಬ್ಬೆರಳು ಹಿಡಿಸುತ್ತದೆ. ಅದಕ್ಕೆ ಹಾಕುವ ಮದ್ದಿನ ತೋಟೆಗಳು ಮಾತ್ರ ಹಳೆಯವು, ಎಷ್ಟೋ ಮಳೆಗಾಲ ಕಂಡವು. ಬೆರಳಿಟ್ಟು ಕೋವಿಯ ಕುದುರೆ ಎಳೆದೆ. ಟಿಕ್ ಎಂದಿತು. ಏನೂ ಇಲ್ಲ. ಕೋವಿ ಇಳಿಸಬೇಕು ಎನ್ನುವಷ್ಟರಲ್ಲಿ ಗುಂಡು ಹಾರಿತು. ಇದಕ್ಕೆ ನಾವು ತೋಟೆ ತೊದಲಿತು ಎನ್ನುತ್ತೇವೆ. ಮೂರನೇ ದಿನ ಮಗು ಹೋಯಿತು.

ತೋಟೆಯಿಂದ ಹೀಗಾಯಿತು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ನನ್ನ ಹೆಂಡತಿ ಚೋಂದಮ್ಮ ಕೂಡ ಅನ್ನಲಿಲ್ಲ. ಆದರೆ ಆ ಟಿಕ್ಕಿಗೂ ಗುಂಡಿಗೂ ನಡುವಿನ ಹೊತ್ತು ನನ್ನೊಳಗೆ ಉಳಿದುಬಿಟ್ಟಿತು. ಊಟಕ್ಕೆ ಕೂತಾಗ ಬರುತ್ತಿತ್ತು, ಗದ್ದೆಯ ಬದುವಿನಲ್ಲಿ ನಡೆಯುವಾಗ ಬರುತ್ತಿತ್ತು. ಆಮೇಲೆ ಮಗ ಕಾರ್ಖಾನೆ ಕೆಲಸಕ್ಕೆಂದು ಹೆಂಡತಿಯೊಡನೆ ಮುಂಬಯಿಗೆ ಹೋದ. ಸೊಸೆ ಗಂಗಮ್ಮ ಮತ್ತೆ ಬಸುರಿ ಎಂದು ಅಲ್ಲಿಂದ ಕಾಗದ ಬಂದಾಗ ನಾನು ಒಂದೇ ತೀರ್ಮಾನ ಮಾಡಿದೆ. ಈ ಸಲ ತೊದಲದ ತೋಟೆ ಬೇಕು, ಅದನ್ನು ನಾನೇ ಎದುರು ಕೂತು ತುಂಬಿಸಬೇಕು. ಆ ಅಳತೆಯ ತೋಟೆ ಮೈಸೂರಿನ ಅಂಗಡಿಗಳಲ್ಲಿ ಬರುವುದು ನಿಂತುಹೋಗಿತ್ತು. ಖಾಲಿ ತೋಟೆಗಳಿಗೆ ಮತ್ತೆ ಮದ್ದು ತುಂಬಿಕೊಡುವ ಒಬ್ಬ ಪಾರ್ಸಿ ಮುದುಕ ದಾದರಿನಲ್ಲಿದ್ದಾನೆ ಎಂದು ಮಗನೇ ಬರೆದಿದ್ದ.

"ಹೆಣ್ಣಾದರೆ?" ಎಂದಳು ಚೋಂದಮ್ಮ. "ಹೆಣ್ಣಿಗೆ ಹಾರಿಸುವ ಕ್ರಮ ಇಲ್ಲವಲ್ಲ."

ತೋಟೆ ತಯಾರಿರಲಿ, ಆಮೇಲೆ ನೋಡೋಣ ಎಂದೆ. ಕೋವಿಗೆ ಕಾಗದಪತ್ರ ಮಾಡಿಸಿಕೊಂಡೆ, ಮೂವತ್ತು ಖಾಲಿ ಹಿತ್ತಾಳೆ ತೋಟೆಗಳನ್ನು ಕಾಲುಚೀಲದಲ್ಲಿ ಕಟ್ಟಿಕೊಂಡೆ. ಇಬ್ಬರೂ ಹೊರಟೆವು. ನಮಗೆ ಮೈಸೂರಿನಾಚೆ ಎಲ್ಲ ಪರದೇಶವೇ.

ದಾದರ್ ಸ್ಟೇಷನ್

ಕೋವಿಯನ್ನು ಕ್ಯಾನ್ವಾಸ್ ಚೀಲದಲ್ಲಿ ಹೊಲಿಸಿಕೊಂಡು ಹೆಗಲಿಗೆ ಹಾಕಿದ್ದೆ. ದಾರಿಯುದ್ದಕ್ಕೂ ಜನ ಅದನ್ನು ತಂಬೂರಿ ಎಂದುಕೊಂಡರು. ಪುಣೆ ದಾಟಿದ ಮೇಲೆ ಒಬ್ಬ ಹಣೆಗೆ ವಿಠಲನ ಭಕ್ತರ ಕಪ್ಪು ಬುಕ್ಕ ಹಚ್ಚಿದ ಮುದುಕ ನನ್ನ ಮುಂದೆ ಕೈಮುಗಿದು ಕೂತು, ಒಂದು ಅಭಂಗ ಹಾಡಿ ಮಹಾರಾಜ್ ಎಂದ. ನನಗೆ ಬರುವುದು ಹುತ್ತರಿ ಹಾಡು ಮಾತ್ರ. ಅದನ್ನೇ ಎರಡು ಸಾಲು ಹಾಡಿದೆ. ಅವನು ಕಣ್ಣುಮುಚ್ಚಿ ತಲೆದೂಗಿದ. ಚೋಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ದಾದರಿನಲ್ಲಿ ಇಳಿದಾಗ ಜನ ನಮ್ಮನ್ನು ಎತ್ತಿಕೊಂಡೇ ಹೋದರು, ನನ್ನ ಕಾಲು ನೆಲಕ್ಕೆ ತಾಗಿದ್ದು ಕಡಿಮೆ. ಮಗ ಬಂದು ಲೋಕಲ್ ಹತ್ತಿಸಿದ. ಅದರೊಳಗೆ ನಾನು ಕಂಡದ್ದನ್ನು ಊರಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ. ಮನುಷ್ಯರು ನಿಂತುಕೊಂಡೇ ನಿದ್ದೆ ಮಾಡುತ್ತಾರೆ, ಕುದುರೆಗಳ ಹಾಗೆ. ಒಬ್ಬನ ಗಲ್ಲ ಇನ್ನೊಬ್ಬನ ಹೆಗಲ ಮೇಲೆ, ಆದರೂ ಇಬ್ಬರಿಗೂ ಗುರುತಿಲ್ಲ. ಗಾಡಿ ನಿಲ್ಲುವ ಮೊದಲೇ ಅವರಲ್ಲಿ ನಾಲ್ಕು ಜನ ಮಾತ್ರ ಒಟ್ಟಿಗೆ ಕಣ್ಣು ಬಿಡುತ್ತಾರೆ, ಇಳಿದುಹೋಗುತ್ತಾರೆ. ಉಳಿದವರು ಅಲುಗುವುದಿಲ್ಲ. ಅವರನ್ನು ಯಾರು ಎಬ್ಬಿಸಿದರು? ಕೂಗಿದ್ದು ನನಗಂತೂ ಕೇಳಿಸಲಿಲ್ಲ.

ಬಾವಾಜಿಯ ಕೋಣೆ

ಪಾರ್ಸಿ ಮುದುಕನನ್ನು ಎಲ್ಲರೂ ಬಾವಾಜಿ ಎನ್ನುತ್ತಾರೆ. ಅವನ ಕೋಣೆ ದಾದರಿನಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟ ಒಂದು ಬಿಲ್ಡಿಂಗಿನ ಕೆಳಗೆ. ಬಾಗಿಲು ತಳ್ಳಿದ ಕೂಡಲೇ ಇಪ್ಪತ್ತು ಮೂವತ್ತು ಕಣ್ಣು ನನ್ನನ್ನು ನೋಡಿದವು. ಗೋಡೆಯ ತುಂಬ ಕಡವೆ, ಸಾರಂಗ, ಜಿಂಕೆಗಳ ತಲೆ. ಗಾಜಿನ ಕಣ್ಣು. ಪ್ರತಿ ಕೊಂಬಿಗೂ ದಾರದಲ್ಲಿ ಒಂದು ಚೀಟಿ. ರಿಪೇರಿಗೆಂದು ಕೊಟ್ಟುಹೋದ ಸಾಹೇಬರ ಹೆಸರುಗಳಂತೆ. ದೇಶ ಬಿಟ್ಟು ಹಡಗು ಹತ್ತಿದವರು ಇವನ್ನು ಒಯ್ಯಲಿಲ್ಲ. ಬಾವಾಜಿ ಮಾತ್ರ ಶನಿವಾರ ಶನಿವಾರ ಒದ್ದೆ ಬಟ್ಟೆಯಿಂದ ಆ ಕಣ್ಣುಗಳನ್ನು ಒರೆಸುತ್ತಾನೆ. ಯಾಕೆ ಎಂದು ಪಲ್ಟನ್ನಿನ ಹಿಂದೂಸ್ತಾನಿಯಲ್ಲಿ ಕೇಳಿದೆ. ಅವು ಬಾಗಿಲು ನೋಡುತ್ತಿರುತ್ತವೆ, ಧೂಳು ಕೂತರೆ ಹೇಗೆ ಎಂದ. ತಮಾಷೆಗೆ ಅಂದದ್ದೋ ಏನೋ, ನಗಲಿಲ್ಲ.

ಅವನ ಕೆಲಸ ನೋಡಬೇಕು. ನನ್ನ ಮೂವತ್ತು ಖಾಲಿ ತೋಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ಬಾಯೊಳಗೆ ನೋಡಿದ. ಕೂದಲೆಳೆಯಷ್ಟು ಬಿರುಕಿದ್ದವನ್ನು ಪಕ್ಕಕ್ಕೆ ಎಸೆದ. ಉಳಿದದ್ದು ಹತ್ತು. ಏನು ಪ್ರಾಣಿ, ಎಷ್ಟು ದೂರ ಎಂದು ಕೇಳಿದ. ಕಡವೆ, ಎಪ್ಪತ್ತು ಎಂಬತ್ತು ಹೆಜ್ಜೆ ಎಂದೆ. ಆಮೇಲೆ ಆ ಕೋವಿಯ ಮುಖ್ಯ ಕೆಲಸವನ್ನೂ ಹೇಳಿದೆ. ಹುಟ್ಟಿಗೆ ಒಂದು, ಸಾವಿಗೆ ಎರಡು. ಬಾವಾಜಿ ಟೊಪ್ಪಿ ಸರಿಮಾಡಿಕೊಂಡು, ಹಾಗಾದರೆ ಇದು ಬೇಟೆಯ ತೋಟೆಗಿಂತ ಕಷ್ಟ ಎಂದ.

ಮದ್ದು ತೂಗಲು ಚಿನ್ನದ ಅಂಗಡಿಯಂಥ ಪುಟ್ಟ ತಕ್ಕಡಿ. ಹಳಿಯ ಮೇಲೆ ಲೋಕಲ್ ಬಂದರೆ ಆ ತಕ್ಕಡಿ ನಡುಗುತ್ತದೆ, ತೂಕ ಸುಳ್ಳಾಗುತ್ತದೆ. ಅದಕ್ಕೆ ಬಾವಾಜಿ ಎರಡು ರೈಲುಗಳ ನಡುವಿನ ಸಂದಿನಲ್ಲಿ ಮಾತ್ರ ತೂಗುತ್ತಾನೆ. ನನಗೆ ಸದ್ದು ಕೇಳುವ ಮೊದಲೇ ಅವನ ಅಂಗೈ ಮೇಲೇಳುತ್ತದೆ. ಅಷ್ಟೇ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮಾತಾಡಬಾರದು, ಉಸಿರಿಗೂ ಮದ್ದು ಹಾರುತ್ತದೆ. ಆಗ ಗೋಡೆ ಅದುರುತ್ತದೆ. ಮೊಳೆಗಳ ಮೇಲೆ ಎಲ್ಲ ತಲೆಗಳೂ ನಿಧಾನಕ್ಕೆ ಹೌದು ಹೌದು ಎಂದು ಆಡುತ್ತವೆ. ರೈಲು ಹೋದ ಮೇಲೂ ಒಂದು ಕಡವೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು. ನಾನು ಅದರ ಕಡೆ ನೋಡುವುದನ್ನು ಬಿಟ್ಟೆ.

ಮದ್ದಿನ ಅಳತೆ ಕಂಡುಹಿಡಿಯುವುದು ಅವಸರದ ಕೆಲಸವಲ್ಲ. ಕಡಿಮೆಯಿಂದ ಶುರುಮಾಡಿ ಚಿಟಿಕೆ ಚಿಟಿಕೆಯಾಗಿ ಏರಿಸಬೇಕು. ಕಡಿಮೆಯಾದರೆ ಗುಂಡು ಸೋಮಾರಿಯಾಗುತ್ತದೆ, ಹೆಚ್ಚಾದರೆ ಕೋವಿಯೇ ಒಡೆದು ಹೊಡೆಯುವವನ ಮುಖಕ್ಕೆ ಬರುತ್ತದೆ. ತೋಟೆಗೆ ಹೊಟ್ಟೆ ತುಂಬಬೇಕು, ಅಜೀರ್ಣವಾಗಬಾರದು ಎಂದ ಬಾವಾಜಿ. ಐದು ಅಳತೆ ಮಾಡಿದ. ಒಂದೊಂದು ಅಳತೆಗೆ ಎರಡೆರಡು ತೋಟೆ, ಅವಳಿಗಳ ಹಾಗೆ. ಒಂದನ್ನು ಹೊಡೆದು ನೋಡುವುದು, ಅದು ಸರಿಯಿದ್ದರೆ ಅದರ ಜೋಡಿಯನ್ನು ನಂಬುವುದು. ಮೊದಲ ಅಳತೆಗೆ ಬುಡದಲ್ಲಿ ಒಂದು ಗೀರು, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ ಗೀರಿದ. ಇದಕ್ಕೆ ಮೂರು ದಿನ ಹಿಡಿಯಿತು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ನಮ್ಮ ಕ್ರಮವನ್ನು ಬಾವಾಜಿಗೆ ಹೇಳಿದ್ದನ್ನೂ ಹೇಳಿದೆ. ನಾಳೆ ಬೆಳಿಗ್ಗೆ ನಾನೇ ಹೊಡೆದು ನೋಡುತ್ತೇನೆ ಎಂದಾಗ ಚೋಂದಮ್ಮ ಮುಖ ಗಂಟಿಕ್ಕಿದಳು. ಅರವತ್ತು ದಾಟಿದ ಎದೆಗೆ ಆ ಕೋವಿಯ ಒದೆ ಬೇಕಿತ್ತೇ ಎಂದಳು. ಗಂಗಮ್ಮನಿಗೆ ಆಗ ದಿನ ತುಂಬಲು ಇನ್ನೂ ಮೂರು ವಾರವಿತ್ತು.

ಪವಾಯಿ

ಜೋಗೇಶ್ವರಿಯಿಂದ ಒಂದು ಗುಡ್ಡದ ಆಚೆಗಿರುವ ಪವಾಯಿಯ ಕೆರೆಯ ಮೇಲ್ಗಡೆ ಬಾವಾಜಿಯ ಗೆಳೆಯನೊಬ್ಬನ ಜಾಗವಿದೆ. ತೋಟೆ ಪರೀಕ್ಷೆ ಮಾಡುವುದು ಅಲ್ಲಿಯೇ. ಬೆಳಿಗ್ಗೆ ಬಾವಾಜಿಯ ಹಳೇ ಮೋಟಾರಿನಲ್ಲಿ ಹೋದೆವು. ಮುಂಬಯಿ ಎಂದರೆ ಜನ ಎಂದುಕೊಂಡಿದ್ದ ನನಗೆ ಅಲ್ಲಿ ಒಂದು ಗಂಟೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಕೆರೆಯ ಮೇಲೆ ಮಂಜು ಕೂತಿತ್ತು. ನಮ್ಮ ಕಡೆಯ ಮಂಜು ಓಡಾಡುತ್ತದೆ, ಇದು ಅಲುಗಲೇ ಇಲ್ಲ. ದಡದ ಕಲ್ಲುಗಳ ನಡುವೆ ಒಂದು ಕಲ್ಲು ಬಾಯಿ ತೆರೆದಾಗ ಅದು ಮೊಸಳೆ ಎಂದು ಗೊತ್ತಾಯಿತು.

ಜಾಗ ಕಾಯುವವನು ಒಬ್ಬ ಮರಾಠಿ ಮುದುಕ. ಕೋವಿ ನೋಡಿ ಬಾವಾಜಿಯ ಹತ್ತಿರ ಏನೋ ಗೊಣಗಿದ. ಇಲ್ಲಿ ಯಾವ ಸದ್ದೂ ಒಂಟಿಯಾಗಿ ಬರುವುದಿಲ್ಲ ಎನ್ನುತ್ತಾನೆ ಎಂದು ಬಾವಾಜಿ ತಿಳಿಸಿದ. ಮರ ಕಡಿದರೂ ಎರಡು, ಕರೆದರೂ ಎರಡು. ಕೆರೆಯಾಚೆಯ ಗುಡ್ಡ ಪ್ರತಿಯೊಂದನ್ನೂ ತಿರುಗಿ ಹೇಳುತ್ತದಂತೆ. ಮುದುಕ ಆ ಗುಡ್ಡಕ್ಕೆ ಬೆನ್ನು ಮಾಡಿಯೇ ನಿಂತಿದ್ದ.

ಮಣ್ಣಿನ ದಿಬ್ಬಕ್ಕೆ ಹಲಗೆ ನೆಟ್ಟು ಒಂದು ಗೀರಿನ ತೋಟೆ ಹೊಡೆದೆ. ಕೆಮ್ಮಿದಷ್ಟೇ ಸದ್ದು. ಗುಂಡು ಹಲಗೆಯ ಕಾಲಡಿಗೆ ಬಿತ್ತು. ಎರಡನೆಯದೂ ಮೂರನೆಯದೂ ಒಂದಕ್ಕಿಂತ ಒಂದು ಗಟ್ಟಿ, ಆದರೂ ಇನ್ನೂ ಹಸಿದ ಹೊಟ್ಟೆಯವು. ಪ್ರತಿ ಸಲವೂ ಬಾವಾಜಿ ಖಾಲಿ ತೋಟೆಯ ಬುಡವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, ಮುಂದಕ್ಕೆ ಎಂದು ಸನ್ನೆ ಮಾಡುತ್ತಿದ್ದ. ನಾಲ್ಕನೆಯದಕ್ಕೆ ಮೊದಲು ನಾನು ಕಿವಿಯ ಹತ್ತಿ ತೆಗೆದುಬಿಟ್ಟೆ. ಬೇಡ ಎಂದ. ನನಗೆ ಕೇಳಬೇಕಿತ್ತು. ಕುದುರೆಗೂ ಗುಂಡಿಗೂ ನಡುವೆ ಏನಾದರೂ ಇದೆಯೇ ಎಂದು ನನ್ನ ಕಿವಿಯಿಂದಲೇ ಕೇಳಬೇಕಿತ್ತು.

ಕುದುರೆ ಎಳೆದೆ. ನಡುವೆ ಏನೂ ಇರಲಿಲ್ಲ. ಅದು ಕೋವಿಯ ಹಳೇ ದನಿ, ನಾನು ಹುಡುಗನಾಗಿದ್ದಾಗ ಕೇಳಿದ ದನಿ. ಅದರ ಬೆನ್ನಿಗೇ ಕೆರೆಯ ಆಚೆಯಿಂದ, ಅಷ್ಟೇ ಗಟ್ಟಿಯಾಗಿ, ಯಾರೋ ನನ್ನ ಕೋವಿಯನ್ನೇ ಹಿಡಿದು ಹೊಡೆದ ಹಾಗೆ, ಎರಡನೆಯದು ಬಂತು.

ಆಮೇಲೆ ಏನೂ ಕೇಳಲಿಲ್ಲ. ಬಾವಾಜಿ ತುಟಿ ಆಡಿಸುತ್ತಿದ್ದಾನೆ, ಮಾತಿಲ್ಲ. ಹಕ್ಕಿಗಳು ಎದ್ದು ಹಾರಿದವು, ರೆಕ್ಕೆಯ ಸದ್ದಿಲ್ಲ. ಕಿವಿಯೊಳಗೆ ಗುಂಯ್ ಎನ್ನುವುದೊಂದೇ. ಹಲಗೆಯ ನಡುವಿಗೆ ತೂತಾಗಿತ್ತು. ಬಾವಾಜಿ ತೋಟೆಯ ಬುಡ ನೋಡಿ, ಐದನೆಯ ಅಳತೆ ಬೇಡ ಎಂದು ತಲೆಯಾಡಿಸಿದ. ನಾಲ್ಕು ಗೀರಿನ ಜೋಡಿ ತೋಟೆಯನ್ನು ನನ್ನ ಜೇಬಿಗೆ ಹಾಕಿ ಮೇಲಿಂದ ತಟ್ಟಿದ. ಎರಡು ದಿನದಲ್ಲಿ ಕಿವಿ ತೆರೆಯುತ್ತದೆ ಎಂದು ಬೆರಳಲ್ಲಿ ತೋರಿಸಿದ.

ಚಾಳಿನ ಮೆಟ್ಟಿಲು

ಬಾವಾಜಿ ನನ್ನನ್ನು ಬೀದಿಯ ತುದಿಯಲ್ಲಿ ಇಳಿಸಿ ಹೋದ. ಚಾಳಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನ್ನನ್ನು ನೋಡಿ ಕೈ ನಿಲ್ಲಿಸಿದರು. ನಲ್ಲಿಯ ನೀರು ಬಕೆಟ್ ತುಂಬಿ ಹರಿಯುತ್ತಿತ್ತು, ಸದ್ದಿಲ್ಲದೆ. ಮೆಟ್ಟಿಲಲ್ಲಿ ಪಕ್ಕದ ಮನೆಯ ಸುಶೀಲಾಬಾಯಿ ಎದುರಾದರು. ಧಾರವಾಡದವರು, ದಿನಾ ನನ್ನನ್ನು ಅಜ್ಜಾರ ಅಜ್ಜಾರ ಎಂದು ರೇಗಿಸುವವರು. ಆ ದಿನ ಅವರು ಗೋಡೆಗೆ ಅಂಟಿ ನಿಂತರು, ಹೆಣ ಹೋಗಲು ದಾರಿ ಬಿಡುವ ಹಾಗೆ. ಬಾಯಿ ಆಡಿತು. ನನಗೆ ಕೇಳಲಿಲ್ಲ. ಏನು ಎಂದೆ, ನನ್ನ ಮಾತೂ ನನಗೆ ಕೇಳಲಿಲ್ಲ.

ನಮ್ಮ ಮನೆಯ ಹೊಸ್ತಿಲಲ್ಲಿ, ಹಗಲು ಹನ್ನೊಂದು ಗಂಟೆಗೆ, ದೀಪ ಹಚ್ಚಿಟ್ಟಿದ್ದರು. ಒಳಗೆ ನನ್ನ ಹೆಂಡತಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಅವಳ ಸುತ್ತ ಮೂರು ಹೆಂಗಸರು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತು ಕರೆದೆ. ಯಾರೂ ತಿರುಗಲಿಲ್ಲ. ಎಷ್ಟು ಸಣ್ಣದಾಗಿ ಕರೆದೆನೋ, ನನ್ನ ದನಿ ಹೊರಟಿತ್ತೋ ಇಲ್ಲವೋ. ಆಗ ಒಂದು ಯೋಚನೆ ಬಂತು. ನಾಲ್ಕನೇ ತೋಟೆ ಸರಿಯಿರಲಿಲ್ಲ, ಕೋವಿ ಒಡೆದಿದೆ, ನಾನು ಪವಾಯಿಯಲ್ಲೇ ಬಿದ್ದಿದ್ದೇನೆ, ಇಲ್ಲಿಗೆ ಬಂದಿರುವುದು ನಾನಲ್ಲ. ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡೆ. ಮದ್ದಿನ ಕಪ್ಪು ಮಾತ್ರ ಇತ್ತು.

ಚೋಂದಮ್ಮ ತಲೆ ಎತ್ತಿದಳು. ಎಷ್ಟೋ ಹೊತ್ತು ನೋಡಿದಳು. ಎದ್ದು ಬಂದು, ದೀಪ ದಾಟಿ, ನನ್ನ ತೋಳಿನ ಚರ್ಮವನ್ನು ಹಿಡಿದು ತಿರುಚಿದಳು. ಆ ಗಾಯದ ಗುರುತು ಈಗಲೂ ಇದೆ. ಅಂಥ ಸುಖ ನನಗೆ ಯಾವತ್ತೂ ಆಗಿಲ್ಲ.

ನಡೆದದ್ದನ್ನು ಕಿವಿ ತೆರೆದ ಮೇಲೆ ತಿಳಿದುಕೊಂಡೆ. ಮೊದಲ ಮೂರು ತೋಟೆಗಳ ಸದ್ದು ಗುಡ್ಡ ದಾಟಿರಲಿಲ್ಲ. ನಾಲ್ಕನೆಯದು ದಾಟಿತು, ಗುಡ್ಡ ಹೇಳಿದ್ದನ್ನೂ ಕರೆದುಕೊಂಡು ದಾಟಿತು. ಮನೆಯ ಮುಂದಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿಗೂ ಸೊಸೆಗೂ ಕೇಳಿದ್ದು ನಮ್ಮ ಕೋವಿಯ ಎರಡು ಗುಂಡು. ಚೋಂದಮ್ಮ ಮೊರ ಕೆಳಗಿಟ್ಟು, ಇವರು ಹೋದರು ಎಂದಳಂತೆ. ಸುಶೀಲಾಬಾಯಿ ಮೊದಲು ನಕ್ಕಿದ್ದರು.

"ಸತ್ತವರು ತಾವ ಗುಂಡು ಹೊಡ್ಕೋತಾರೇನ್ರಿ ಅಮ್ಮಾರ? ಖಣಿ ಒಳಗ ಕಲ್ಲು ಸಿಡಿಸಿರಬೇಕು."

"ಆ ಕೋವಿಯ ದನಿ ನನಗೆ ನಲವತ್ತು ವರ್ಷದಿಂದ ಗೊತ್ತು. ಎದೆ ನಿಂತಿರಬೇಕು. ನಮ್ಮ ಕ್ರಮವನ್ನು ಆ ಬಾವಾಜಿಗೆ ಇವರೇ ಹೇಳಿದ್ದರು. ಇವರು ಹೋದ ಮೇಲೆ ಬಾವಾಜಿ ಅದನ್ನು ನಡೆಸಿದ್ದಾರೆ."

ಆಮೇಲೆ ಯಾರೂ ನಗಲಿಲ್ಲ. ಅದೇ ಗಳಿಗೆಗೆ ಗಂಗಮ್ಮನಿಗೆ ನೋವು ಶುರುವಾಯಿತು, ಮೂರು ವಾರ ಮುಂಚೆ. ಮಗ ಕಾರ್ಖಾನೆಯಿಂದ ಓಡಿಬಂದು ನರ್ಸಮ್ಮನನ್ನು ಕರೆತಂದು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಅಪ್ಪನಿಗಾಗಿ ಹೋಗಬೇಕೋ ಹೆಂಡತಿಗಾಗಿ ನಿಲ್ಲಬೇಕೋ ತಿಳಿಯದೆ ಅವನ ಮುಖ ಸುಣ್ಣವಾಗಿತ್ತು. ನನ್ನನ್ನು ನೋಡಿ ಅವನು ಬಾಗಿಲ ಚೌಕಟ್ಟಿಗೆ ಹಣೆ ಇಟ್ಟುಕೊಂಡ.

ನಾನು ಅಲ್ಲೇ ಕೂತೆ. ಜೇಬಿನಲ್ಲಿ ತೋಟೆ. ಒಳಗೆ ಸೊಸೆ ಕೂಗುತ್ತಿದ್ದಾಳೆಂದು ಉಳಿದವರ ಮುಖದಿಂದ ತಿಳಿಯುತ್ತಿತ್ತು. ಅವರು ಹುಬ್ಬು ಬಿಗಿದರೆ ನಾನೂ ಬಿಗಿಯುತ್ತಿದ್ದೆ. ಎರಡು ಗುಂಡು ಹಾರಿಸಿದ್ದು ನಾನು. ಅದು ಯಾರಿಗೆ ಹಾರಿತು ಎಂಬ ಮಾತನ್ನು ಮನಸ್ಸಿನೊಳಗೂ ಪೂರ್ತಿ ಆಡಲಿಲ್ಲ. ಮುಂಚಿನ ಮಗು ಬದುಕಿದ್ದು ಮೂರು ದಿನ. ಇದು ಮೂರು ವಾರ ಮುಂಚೆ ಬರುತ್ತಿದೆ. ಗೋಡೆ ಅದುರಿತು, ಚಾಳಿನ ಪಕ್ಕದ ಹಳಿಯ ಮೇಲೆ ಲೋಕಲ್ ಹೋಯಿತು ಎಂದು ಬೆನ್ನಿಗೆ ತಿಳಿಯಿತು. ಇನ್ನೊಂದು ಹೋಯಿತು. ಇನ್ನೊಂದು.

ಆಗ ಆ ಗುಂಯ್ ಎನ್ನುವುದರ ಒಳಗಿಂದ, ಎಳೆ ದಾರದಷ್ಟು ಸಣ್ಣಗೆ, ಒಂದು ಸದ್ದು ಬಂತು. ಯಾರ ಮುಖವನ್ನೂ ನೋಡದೆ ನನಗೆ ಕೇಳಿಸಿತು. ಪವಾಯಿ ಬಿಟ್ಟ ಮೇಲೆ ನನಗೆ ಕೇಳಿಸಿದ ಮೊದಲ ಸದ್ದು ಅದು. ನನ್ನ ಮೊಮ್ಮಗಳು ಅಳುತ್ತಿದ್ದಳು.

ಹಳಿಯ ಆಚೆ

ಹೆಣ್ಣು ಎಂದು ನರ್ಸಮ್ಮ ಹೇಳಿದ್ದನ್ನು ಅವಳ ತುಟಿಯಿಂದ ತಿಳಿದು ನಾನು ಜೇಬಿನಿಂದ ಕೈ ತೆಗೆದೆ. ಕ್ರಮ ಇಲ್ಲ ಎಂದಾದರೆ ಇಲ್ಲ. ಮಗು ಉಸಿರಾಡುತ್ತಿದೆಯಲ್ಲ, ಸಾಕು. ಚೋಂದಮ್ಮ ಬಂದು ನನ್ನ ಮುಂದೆ ನಿಂತು ಒಂದು ಬೆರಳು ಎತ್ತಿದಳು. ನನಗೆ ಅರ್ಥವಾಗಲಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದಳು.

"ಎರಡು ಕೇಳಿದ ಕಿವಿ ಇದು. ಇದಕ್ಕೆ ಒಂದು ಕೇಳಿಸಿ ಬನ್ನಿ. ಹೆಣ್ಣೋ ಗಂಡೋ, ನಾನು ಹೇಳುತ್ತಿದ್ದೇನೆ."

ಮಗನನ್ನು ಕರೆದುಕೊಂಡು ಹಳಿ ದಾಟಿ ಪಶ್ಚಿಮಕ್ಕೆ ಹೋದೆ. ಆ ಕಡೆ ಗುಡ್ಡವಿಲ್ಲ. ಜವುಗು, ಉಪ್ಪು ಹುಲ್ಲು, ಸಮುದ್ರದ ನೀರು ಒಳಬರುವ ಖಾಡಿಯ ಕೆಸರು. ಅರ್ಧ ಚಾಳೇ ನಮ್ಮ ಹಿಂದೆ ಬಂತು. ಒಬ್ಬ ಪೊಲೀಸಿನವನೂ ಸೈಕಲ್ ತಳ್ಳಿಕೊಂಡು ಬಂದ. ಅವನಿಗೆ ಕಾಗದ ತೋರಿಸಿ ಸುಶೀಲಾಬಾಯಿಯ ಗಂಡ ಮರಾಠಿಯಲ್ಲಿ ವಿಷಯ ಬಿಡಿಸಿ ಹೇಳಿದರು. ಅವನು ಕಾಗದವನ್ನು ಮಡಿಸಿ ಕೊಟ್ಟು, ಒಂದೇ ತಾನೇ ಎಂದು ಬೆರಳು ತೋರಿಸಿದ. ಒಂದೇ ಎಂದು ನಾನೂ ಬೆರಳು ತೋರಿಸಿದೆ. ನನಗಿಂತ ಹೆಚ್ಚಾಗಿ ಅದು ಒಂದೇ ಆಗಲಿ ಎಂದು ಬೇಡಿದವರು ಆ ದಿನ ಮುಂಬಯಿಯಲ್ಲಿ ಯಾರೂ ಇರಲಾರರು.

ನಾಲ್ಕು ಗೀರಿನ ತೋಟೆ ಇಟ್ಟೆ. ಕೆಸರಿನ ದಡಕ್ಕೆ ಗುರಿ ಹಿಡಿದೆ. ಕುದುರೆಯ ಮೇಲೆ ಬೆರಳಿಟ್ಟಾಗ ಮೂರು ವರ್ಷದ ಹಿಂದಿನ ಆ ಹೊತ್ತು ಬಂದು ಪಕ್ಕದಲ್ಲಿ ನಿಂತಿತು. ಎಳೆದೆ.

ತೊದಲಲಿಲ್ಲ. ಹೆಗಲಿಗೆ ಒದೆ ಬಿದ್ದದ್ದೂ ಕೆಸರು ಹಾರಿದ್ದೂ ಒಟ್ಟಿಗೇ. ಎರಡನೆಯದು ಬರುತ್ತದೋ ಎಂದು ಎಲ್ಲರೂ ಉಸಿರು ಹಿಡಿದು ನಿಂತರು, ಪೊಲೀಸಿನವನೂ. ನನಗೆ ಕೇಳುವ ಹಾಗಿರಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದೆ. ಅವನು ಸಮುದ್ರದ ಕಡೆ ಕಿವಿಯಿಟ್ಟಿದ್ದ. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಇಲ್ಲ ಎಂದು ತಲೆಯಾಡಿಸಿದ. ಹಾಗೆಯೇ ಅಳಲು ಶುರುಮಾಡಿದ.

ಸಂಜೆ

ದೀಪ ಹಚ್ಚುವ ಹೊತ್ತಿಗೇ ಊಟಕ್ಕೆ ಕೂತೆವು. ಚೋಂದಮ್ಮ ಅಕ್ಕಿತರಿಯ ಉಂಡೆ ಕಡಂಬುಟ್ಟು ಕಟ್ಟಿದ್ದಳು, ಕೋಳಿ ಸಾರು ಮಾಡಿದ್ದಳು. ಕೋಳಿ ಮುಟ್ಟದ ಸುಶೀಲಾಬಾಯಿ ಅವರ ಮನೆಯಿಂದ ಹೋಳಿಗೆ, ತುಪ್ಪ ತಂದಿಟ್ಟು, ಮೆಟ್ಟಿಲಲ್ಲಿ ತಾವು ಅಂದಿದ್ದ ಮಾತನ್ನು ನನ್ನ ಕಿವಿಗೆ ಕೂಗಿದರು. "ಅಜ್ಜಾರ, ನೀವು ಅದೀರೇನ್ರಿ? ಅಂತ ಕೇಳಿದ್ದೆ. ಇನ್ನೂ ಉತ್ತರ ಕೊಟ್ಟಿಲ್ಲ ನೀವು." ಅದೀನಿ ಎಂದೆ. ಒಳಕೋಣೆಯ ಬಾಗಿಲು ತೆರೆದಿತ್ತು. ಗಂಗಮ್ಮ ದಿಂಬಿಗೊರಗಿ ಮೆಣಸಿನ ಸಾರಿನ ಬಟ್ಟಲು ಹಿಡಿದಿದ್ದಳು, ಮಗ್ಗುಲಲ್ಲಿ ಮಗು. ಮಗ ನನ್ನ ಎದುರಿಗೆ ತಟ್ಟೆ ಹಾಕಿಕೊಂಡ.

ಚೋಂದಮ್ಮ ನನಗೆ ಬಡಿಸಲು ಬಗ್ಗಿದಾಗ ಕಂಡೆ. ಅವಳ ಕೊರಳು ಬರಿದಾಗಿತ್ತು. ಕರ್ತಮಣಿ ಇರಲಿಲ್ಲ. ಗಂಡ ಇರುವವರೆಗೆ ನಮ್ಮ ಹೆಂಗಸರು ಅದನ್ನು ತೆಗೆಯುವುದಿಲ್ಲ. ಆ ಎರಡು ಸದ್ದಿಗೆ ಅವಳು ತೆಗೆದುಬಿಟ್ಟಿದ್ದಳು. ಹಿಡಿದ ತುತ್ತನ್ನು ತಟ್ಟೆಗೆ ಇಟ್ಟೆ. ಅವಳೂ ನಾನು ನೋಡಿದ್ದನ್ನು ನೋಡಿದಳು. ಸೌಟು ಇಟ್ಟು, ಒಳಗೆ ಹೋಗಿ, ಅಕ್ಕಿ ಡಬ್ಬದೊಳಗೆ ಕೈಹಾಕಿ ಸರವನ್ನು ತಂದಳು. ನಮ್ಮಲ್ಲಿ ಅದನ್ನು ಮದುವೆಯಲ್ಲಿ ತಾಯಿ ಕಟ್ಟುತ್ತಾಳೆ, ಗಂಡನಲ್ಲ. ಅವಳ ತಾಯಿ ಹೋಗಿ ಎಷ್ಟೋ ವರ್ಷವಾಯಿತು. ಯಾರು ಕಟ್ಟಬೇಕು ಎಂದು ಮಗ ನನ್ನನ್ನು ನೋಡಿದ, ನಾನು ಅವಳನ್ನು ನೋಡಿದೆ.

ಅವಳು ನನಗೆ ಬೆನ್ನು ಮಾಡಿ ಕೂತು ತಲೆ ಬಗ್ಗಿಸಿದಳು. ನಾನು ಕೈ ತೊಳೆದುಕೊಂಡು ಬಂದೆ. ನನ್ನ ದಪ್ಪ ಬೆರಳಿಗೆ ಆ ಸಣ್ಣ ಕೊಕ್ಕೆ ಸಿಕ್ಕಲೇ ಇಲ್ಲ. ಒಂದು ಸಲ ಜಾರಿತು, ಎರಡು ಸಲ ಜಾರಿತು. ಸುಶೀಲಾಬಾಯಿ ಲಾಟೀನು ಹತ್ತಿರ ಹಿಡಿದರು.

"ಬೇಗ ಹಾಕಿ, ಅನ್ನ ಆರುತ್ತದೆ," ಎಂದಳು ಚೋಂದಮ್ಮ. ಅಷ್ಟು ಮೆಲ್ಲಗೆ ಅಂದದ್ದೂ ನನಗೆ ಕೇಳಿಸಿತು.

ಕೊಕ್ಕೆ ಕೂತಿತು. ಅವಳು ಸೆರಗು ಎಳೆದುಕೊಂಡು, ತನಗೂ ಒಂದು ತಟ್ಟೆ ತೆಗೆದುಕೊಂಡು ನನ್ನ ಪಕ್ಕಕ್ಕೇ ಕೂತಳು. ಒಳಗಿನಿಂದ ಗಂಗಮ್ಮ ಇನ್ನೊಂದು ಬಟ್ಟಲು ಸಾರು ಬೇಕೆಂದಳು. ಎಲ್ಲರೂ ಉಂಡೆವು.